ರೋಡ್‌ಕಿಂಗ್ ಬಿಚ್ಚುವ ಮುಂಚೆ ಒಂದು ಮಾತು

ಮಗಾ,

ಹಳೇ ಯೆಜ್ಡಿ ರೋಡ್‌ಕಿಂಗ್ ಒಂದನ್ನು ತಂದು ಹಟ್ಟಿ ಮುಂದೆ ನಿಲ್ಲಿಸಿದ್ದೀಯಂತೆ. ಮೆಕ್ಯಾನಿಕ್ ಹತ್ತಿರ ಹೋಗಲ್ಲ, ನಾನೇ ಬಿಚ್ಚಿ ನಾನೇ ಜೋಡಿಸ್ತೀನಿ ಅಂದೆಯಂತೆ. ನಿಮ್ಮಪ್ಪ ಬೆಳಿಗ್ಗೆಯಿಂದ ಗೊಣಗುತ್ತಿದ್ದಾನೆ. ನಾನು ಗೊಣಗಲ್ಲ. ನಮ್ಮ ಕಾಲದ ಯಲಿಯೂರಲ್ಲಿ ಸ್ಪೋರ್ಟ್ಸ್ ಕಾರನ್ನು ಸಿನಿಮಾದಲ್ಲಿ ನೋಡಿದ್ದೇ ಹೊರತು ರಸ್ತೆಯಲ್ಲಿ ಕಂಡವರಿಲ್ಲ. ವೇಗದ ಹುಚ್ಚು ಹತ್ತಿದ ಹುಡುಗರಿಗೆ ಇದ್ದದ್ದು ಮೈಸೂರಿನಿಂದ ಬಂದ ಈ ಗಾಡಿಯೇ. ಹಾಗಾಗಿ ನಿನ್ನ ಹುಚ್ಚು ನನಗೆ ಅರ್ಥ ಆಗುತ್ತದೆ. ಆದರೆ ಸ್ಪ್ಯಾನರ್ ಹಿಡಿಯುವ ಮುಂಚೆ ದೊಡ್ಡಪ್ಪನ ನಾಲ್ಕು ಮಾತು ಕಿವಿಗೆ ಹಾಕಿಕೊ.

ಮೊದಲು ಗಾಡಿಯ ವಯಸ್ಸು ತಿಳಿದುಕೊ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಗಾಡಿಗಳು ಹೊರಬರಲು ಶುರುವಾದವು. ಚೆಕೊಸ್ಲೊವಾಕಿಯಾದ ಕಂಪನಿಯಿಂದ ಲೈಸೆನ್ಸ್ ತಂದು ಇರಾನಿ ಕುಟುಂಬದವರು ನಡೆಸಿದ ಕಾರ್ಖಾನೆ ಅದು. 1973ರಲ್ಲಿ ಗಾಡಿಗೆ ಯೆಜ್ಡಿ ಅನ್ನುವ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಂದಮೇಲೆ ನಿನ್ನ ಗಾಡಿ ಎಷ್ಟೇ ಈಚೆಯದಾದರೂ ಅದಕ್ಕೆ ಮೂವತ್ತರ ಆಸುಪಾಸು. 2018ರಲ್ಲಿ ಮತ್ತೆ ಬಂದ ಜಾವಾ, 2022ರಲ್ಲಿ ಮತ್ತೆ ಬಂದ ಯೆಜ್ಡಿ ಬೇರೆಯೇ ಗಾಡಿಗಳು, ಫೋರ್ ಸ್ಟ್ರೋಕ್ ಇಂಜಿನ್ನಿನವು. ಟ್ಯಾಂಕಿನ ಮೇಲಿನ ಹೆಸರು ನೋಡಿ ಹೊಸ ಶೋರೂಮಿಗೆ ಹೋಗಿ ಪಿಸ್ಟನ್ ಕೇಳಬೇಡ. ನಿನ್ನದು ಟೂ ಸ್ಟ್ರೋಕ್, 250 ಸಿಸಿ. ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ.

ಇಷ್ಟು ವರ್ಷ ಬಾಳಿದ ಗಾಡಿ ಎರಡು ಬಗೆಯಲ್ಲಿ ಕೆಟ್ಟಿರುತ್ತದೆ. ಒಂದು ಸವೆತ. ರಿಂಗು, ಬೇರಿಂಗು, ಸೀಲು ಓಡಿದಷ್ಟೂ ಸವೆಯುತ್ತವೆ. ಅದಕ್ಕೆ ಮದ್ದು ಗೊತ್ತು. ಇನ್ನೊಂದು, ಹಿಂದೆ ಆದ ರಿಪೇರಿ. ನಿನಗೆ ತಲೆಕೆಡಿಸುವುದು ಈ ಎರಡನೆಯದೇ.

ಹೇಗೆ ಅಂತ ಹೇಳ್ತೀನಿ ಕೇಳು. ಕಾರ್ಬುರೇಟರನ್ನು ಸಿಲಿಂಡರಿಗೆ ಹಿಡಿಸುವ ಫ್ಲೇಂಜನ್ನು ಯಾರೋ ಜೋರಾಗಿ ಬಿಗಿದ, ಅದು ಬಾಗಿತು, ಸಂದಿನಲ್ಲಿ ಗಾಳಿ ಎಳೆಯಲು ಶುರುವಾಯಿತು. ಇಂಜಿನ್ನಿಗೆ ಪೆಟ್ರೋಲ್ ಸಾಲದೆ ಬಿಸಿಯಾಗತೊಡಗಿತು. ಇನ್ನೊಬ್ಬ ಬಂದು ಬಾಗಿದ್ದನ್ನು ನೋಡದೆ ದೊಡ್ಡ ಜೆಟ್ ಹಾಕಿ ಸರಿದೂಗಿಸಿದ. ಈಗ ನಿಧಾನದಲ್ಲಿ ಪ್ಲಗ್ ಕಪ್ಪಾಗಿ ಮಿಸ್ಸಿಂಗ್ ಹೊಡೆಯಿತು. ಮೂರನೆಯವನು ಪ್ಲಗ್ಗಿನ ನಂಬರ್ ಬದಲಿಸಿದ. ನಾಲ್ಕನೆಯವನು ಪಿಕಪ್ ಬರಲಿ ಅಂತ ಟೈಮಿಂಗ್ ಮುಂದಕ್ಕೆ ತಳ್ಳಿದ. ನಾಲ್ಕು ತಪ್ಪು ಒಂದಕ್ಕೊಂದು ಆತುಕೊಂಡು ಗಾಡಿ ಹೇಗೋ ಓಡುತ್ತಿತ್ತು. ಈಗ ನೀನು ಬಂದು ಫ್ಲೇಂಜ್ ನೆಟ್ಟಗೆ ಉಜ್ಜಿಸಿ ಹೊಸ ಪ್ಯಾಕಿಂಗ್ ಕೂರಿಸಿದೆ ಅಂತಿಟ್ಟುಕೊ. ಮಾಡಿದ್ದು ಸರಿಯಾದ ಕೆಲಸ, ಆದರೆ ಗಾಡಿ ಮೊದಲಿಗಿಂತ ಹದಗೆಟ್ಟು ಓಡುತ್ತದೆ, ಯಾಕೆಂದರೆ ಮಿಕ್ಕ ಮೂರು ತಪ್ಪು ಹಾಗೇ ಉಳಿದಿವೆ. ನೀನೇ ಏನೋ ಕೆಡಿಸಿದೆ ಅಂದುಕೊಂಡು ಹಳೇ ಪ್ಯಾಕಿಂಗ್ ವಾಪಸ್ ಹಾಕ್ತೀಯ.

ಅದಕ್ಕೇ ನಾನು ಹೇಳುವುದು ಒಂದೇ ಮಾತು: ಕೆಟ್ಟದ್ದನ್ನು ಹುಡುಕುವ ಮುಂಚೆ ಗಾಡಿಯನ್ನು ಕಂಪನಿ ಅಳತೆಗೆ ತಾ. ಪುಸ್ತಕದಲ್ಲಿ ಹೇಳಿದ ಪ್ಲಗ್, ಪುಸ್ತಕದಲ್ಲಿ ಹೇಳಿದ ಜೆಟ್, ಪುಸ್ತಕದಲ್ಲಿ ಹೇಳಿದ ಗ್ಯಾಪ್, ಟೈಮಿಂಗ್. ಹಳೇ ಗಾಡಿಯ ಕೈಪಿಡಿಯ ಪ್ರತಿ ಈಗಲೂ ಸಿಗುತ್ತದೆ, ಒಂದು ಜೆರಾಕ್ಸ್ ಮಾಡಿಸಿಕೊ. ಆಮೇಲೆ ಒಂದು ನೋಟ್‌ಬುಕ್ ತಗೊಂಡು ಪುಟಕ್ಕೆ ಎರಡು ಕಾಲಂ ಎಳಿ. ಎಡಗಡೆ ಗಾಡಿಯಲ್ಲಿ ಇರುವುದು, ಬಲಗಡೆ ಇರಬೇಕಾದದ್ದು. ಎಲ್ಲೆಲ್ಲಿ ಎರಡೂ ಬೇರೆ ಬೇರೆ ಬರುತ್ತೋ ಅಲ್ಲೆಲ್ಲ ಯಾರದೋ ಕೈ ಆಡಿದೆ. ಅಲ್ಲಿಂದ ಕೆಲಸ ಶುರು ಮಾಡು.

ಕಂಪನಿ ಅಳತೆಗೆ ತಂದ ಮೇಲೂ ಕಾಯಿಲೆ ಉಳಿದರೆ ಒಂದು ಸಲಕ್ಕೆ ಒಂದನ್ನೇ ಬದಲಿಸು, ಸ್ಟಾರ್ಟ್ ಮಾಡಿ ನೋಡು, ಬರೆದಿಡು, ಆಮೇಲೆ ಮುಂದಿನದು. ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಕಾಯಿಲ್ಲು ಎಲ್ಲ ಒಟ್ಟಿಗೆ ಹೊಸದು ಹಾಕಿದರೆ ಗಾಡಿ ಓಡಬಹುದು, ಕೆಟ್ಟದ್ದು ಯಾವುದು ಅಂತ ಮಾತ್ರ ತಿಳಿಯಲ್ಲ. ಆರು ತಿಂಗಳಿಗೆ ಅದೇ ಕಾಯಿಲೆ ಮತ್ತೆ ಬಂದರೆ ಮತ್ತೆ ನಾಲ್ಕಕ್ಕೂ ದುಡ್ಡು. ಹೊಸದು ಅಂದಮಾತ್ರಕ್ಕೆ ಒಳ್ಳೇದು ಅಂತಲೂ ಅಲ್ಲ. ಡಬ್ಬಿಯಿಂದ ಈಗಷ್ಟೇ ತೆಗೆದ ಕಂಡೆನ್ಸರೇ ಸತ್ತಿರುವುದುಂಟು.

ಸಾಮಾನು ಬಹಳ ಬೇಡ. ಒಳ್ಳೆಯ ರಿಂಗ್ ಸ್ಪ್ಯಾನರ್ ಸೆಟ್, ಫೀಲರ್ ಗೇಜ್, ಮಲ್ಟಿಮೀಟರ್, ಹಳೇ ಸ್ಕ್ರೂಗಳಿಗೆ ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್. ಇಂಜಿನ್ ಕವರಿನ ಸ್ಕ್ರೂಗಳನ್ನು ಸಾದಾ ಸ್ಕ್ರೂ ಡ್ರೈವರಿನಲ್ಲಿ ಬಿಚ್ಚಲು ಹೋದರೆ ತಲೆ ಕಿತ್ತು ಬರುತ್ತದೆ. ಕೇಸಿಂಗ್ ಅಲ್ಯುಮಿನಿಯಂದು, ಬೋಲ್ಟು ಕಬ್ಬಿಣದ್ದು. ಬಲ ಹಾಕಿದರೆ ತ್ರೆಡ್ ಹೋಗುವುದು ಅಲ್ಯುಮಿನಿಯಂನದೇ. ಪ್ಲಗ್ ಹಾಕುವಾಗ ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸು, ಹೆಡ್ ಬಿಚ್ಚುವುದಿದ್ದರೆ ಇಂಜಿನ್ ಪೂರಾ ತಣ್ಣಗಾಗಲಿ. ಬಿಚ್ಚುವ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗಿ. ನಟ್ಟು ಬೋಲ್ಟು ಇಡಲು ನಿಮ್ಮವ್ವನ ಹತ್ತಿರ ಹಳೇ ಇಡ್ಲಿ ತಟ್ಟೆ ಕೇಳು, ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಂಡಿಗೆ ಹಾಕುತ್ತಾ ಹೋಗು. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗದ ಹಾಗೆ ನೋಡಿಕೊ. ತೊಳೆಯುವುದಕ್ಕೆ ಡೀಸೆಲ್ ಸಾಕು, ಪೆಟ್ರೋಲ್ ಬೇಡ. ಹತ್ತಿರದಲ್ಲಿ ಬೀಡಿ ಹಚ್ಚುವವರನ್ನು ಎಬ್ಬಿಸಿ ಕಳಿಸು. ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಬೇಡ, ಆ ಹೊಗೆಯಲ್ಲಿರುವ ವಿಷ ವಾಸನೆಗೆ ಗೊತ್ತಾಗಲ್ಲ.

ಇನ್ನು ಸ್ಟಾರ್ಟ್ ಆಗದ ವಿಷಯ. ಇಂಜಿನ್ನಿಗೆ ಬೇಕಾದ್ದು ಮೂರು: ಕಿಡಿ, ಹದವಾದ ಪೆಟ್ರೋಲ್ ಗಾಳಿ, ಕಂಪ್ರೆಷನ್. ಕಾರ್ಬುರೇಟರ್ ಬಿಚ್ಚುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ತಡಿ. ಮೊದಲು ಪ್ಲಗ್ ತೆಗೆದು ನೋಡು. ಹತ್ತಾರು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ ಅಥವಾ ತುಂಬಿಕೊಂಡಿದೆ. ಓಡಿ ಬಂದ ಗಾಡಿಯ ಪ್ಲಗ್ ಬೆಲ್ಲದ ಬಣ್ಣಕ್ಕಿದ್ದರೆ ಹದ ಸರಿ. ಎಣ್ಣೆಯೆಣ್ಣೆಯಾಗಿ ಕಪ್ಪಾಗಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬಿಳುಚಿದ್ದರೆ ಗಾಳಿ ಹೆಚ್ಚು. ಬಿಳುಚಿದ ಪ್ಲಗ್ ಕಂಡ ದಿನ ಗಾಡಿ ಓಡಿಸುವುದನ್ನೇ ನಿಲ್ಲಿಸು, ಮುಂದಿನ ಮೆಟ್ಟಿಲು ಪಿಸ್ಟನ್ ಸೀಜ್.

ಕಿಡಿ ನೋಡಬೇಕಾದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಹೆಡ್ಡಿನ ರೆಕ್ಕೆಗೆ ಒತ್ತಿ ಹಿಡಿದು, ನೆರಳಲ್ಲಿ ಕಿಕ್ ಹೊಡಿ. ಚಟಚಟ ಅಂತ ನೀಲಿ ಕಿಡಿ ಬಂದರೆ ಸರಿ. ಹಳದಿಯಾಗಿ ಸೊರಗಿದ್ದರೆ ಸಾಲದು. ಹಾಗಂತ ಕಾಯಿಲ್ ಕೊಳ್ಳಲು ಓಡಬೇಡ. ದುಡ್ಡಿಲ್ಲದ ಕೆಲಸ ಮೊದಲು ಮಾಡು: ಪ್ಲಗ್ ವೈರಿನ ತುದಿಯನ್ನು ಒಂದು ಚೂರು ಕತ್ತರಿಸಿ ಹೊಸ ತಂತಿಗೆ ಕ್ಯಾಪ್ ತಿರುಗಿಸು, ಬ್ಯಾಟರಿಯ ವೋಲ್ಟೇಜ್ ನೋಡು, ಅರ್ತ್ ವೈರ್ ಹಿಡಿಸಿರುವ ಜಾಗದ ಬಣ್ಣ, ತುಕ್ಕು ಕೆರೆದು ಮತ್ತೆ ಬಿಗಿ. ಪಾಯಿಂಟಿನ ನಡುವೆ ಒಂದು ಗಟ್ಟಿ ಬಿಳಿ ಕಾಗದ ಎಳೆದು ಒರೆಸು. ಗ್ಯಾಪ್ 0.4 ಮಿ.ಮೀ. ಇಡು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಯಾವತ್ತೂ ಇದೇ ಕ್ರಮ. ಪಾಯಿಂಟ್ ತೆರೆಯುವಾಗ ಅಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಮೇಲೆ ಕಣ್ಣಿಡು. ಹಿಂದಿನ ಯಜಮಾನ ಪಾಯಿಂಟಿಲ್ಲದ ಸಿಡಿಐ ಇಗ್ನಿಷನ್ ಕೂಡಿಸಿದ್ದರೆ ಪಾಯಿಂಟಿನ ಮಾತು ಬಿಡು. ಆದರೆ ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಅನ್ನುವುದನ್ನು ಖಚಿತ ಮಾಡಿಕೊ. ಬಲ್ಬು, ಹಾರ್ನು, ಕಾಯಿಲ್ ಎಲ್ಲ ಒಂದೇ ವೋಲ್ಟಿಗೆ ಇರಬೇಕು. ಅರ್ಧ ಅದು ಅರ್ಧ ಇದು ಕಟ್ಟಿರುವ ಗಾಡಿಗಳಿವೆ.

ಪೆಟ್ರೋಲ್ ಬರುತ್ತಿಲ್ಲ ಅಂದರೆ ಟ್ಯಾಂಕಿನಿಂದ ಕೆಳಗಿಳಿಯುತ್ತಾ ಬಾ. ಪೈಪ್ ಬಿಚ್ಚಿ ಒಂದು ಬಾಟಲಿಗೆ ಬಿಡು. ಸಣ್ಣಗೆ ಬಂದರೆ ಪೆಟ್ರೋಲ್ ಕಾಕಿನ ಜಾಲರಿಯಲ್ಲಿ ತುಕ್ಕು ಕೂತಿದೆ. ಧಾರಾಳವಾಗಿ ಬಂದರೆ ಆಮೇಲೆ ಕಾರ್ಬುರೇಟರ್. ಜೆಟ್ಟಿಗೆ ಪಿನ್ನು, ತಂತಿ ಚುಚ್ಚಬೇಡ, ತೂತು ಕೂದಲೆಳೆಯಷ್ಟು ಅಗಲವಾದರೂ ಅಳತೆ ತಪ್ಪುತ್ತದೆ. ಗಾಳಿ ಊದಿ ತೆಗಿ. ಟ್ಯಾಂಕಿನೊಳಗೆ ತುಕ್ಕು ಇರುವ ತನಕ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ಮರುವಾರ ಅದೇ ಕತೆ.

ಹಳೇ ಗಾಡಿಯಲ್ಲಿ ಎಲ್ಲರಿಗೂ ಮೋಸ ಮಾಡುವ ಕಾಯಿಲೆ ಒಂದಿದೆ. ಬೆಳಿಗ್ಗೆ ಒಂದೇ ಕಿಕ್ಕಿಗೆ ಶುರು. ಯಲಿಯೂರು ಬಿಟ್ಟು ಶ್ರೀರಂಗಪಟ್ಟಣದ ದಿಕ್ಕಿಗೆ ಒಂದಷ್ಟು ದೂರ ಹೋದ ಮೇಲೆ ಕೆಮ್ಮಿ ನಿಲ್ಲುತ್ತದೆ. ಮರದ ನೆರಳಲ್ಲಿ ಕೂತು ಟೀ ಕುಡಿದು ಬಂದರೆ ಮತ್ತೆ ಶುರು. ಮೆಕ್ಯಾನಿಕ್ ಮುಂದೆ ನಿಲ್ಲಿಸಿದಾಗ ಏನೂ ಇಲ್ಲ. ಇಲ್ಲಿ ಊಹೆ ಮಾಡಬೇಡ. ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಪರೀಕ್ಷೆ ಮಾಡು. ಮೊದಲು ಟ್ಯಾಂಕಿನ ಮುಚ್ಚಳ ತೆಗಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಸ್ವಲ್ಪ ಹೊತ್ತಿಗೆ ಗಾಡಿ ಶುರುವಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದಂತೆ ಆ ಜಾಗಕ್ಕೆ ಗಾಳಿ ಬರದೆ ಹರಿವು ನಿಂತಿದೆ. ಒಂದು ಸೂಜಿಯಲ್ಲಿ ಮುಗಿಯುವ ಕೆಲಸ. ಸದ್ದು ಬರದಿದ್ದರೆ ತಡಮಾಡದೆ ಪ್ಲಗ್ ತೆಗೆದು ಕಿಡಿ ನೋಡು. ಕಿಡಿ ಸೊರಗಿದ್ದರೆ ಕಂಡೆನ್ಸರ್ ಅಥವಾ ಕಾಯಿಲ್ ಬಿಸಿಗೆ ಕೈಕೊಡುತ್ತಿದೆ. ಕಂಡೆನ್ಸರ್ ಅಗ್ಗ, ಅದನ್ನು ಮೊದಲು ಬದಲಿಸು. ಕಿಡಿ ಚೆನ್ನಾಗಿದ್ದು ಮುಚ್ಚಳವೂ ಸರಿಯಿದ್ದು ಕಿಕ್ಕರಿನಲ್ಲಿ ಬಿಗಿ ಕಮ್ಮಿಯಾಗಿದ್ದರೆ ರಿಂಗು, ಬೋರಿನ ಕಡೆ ನೋಡು. ನಿಂತಲ್ಲಿ ಐದು ನಿಮಿಷ ಮಾಡಿದ ಪರೀಕ್ಷೆ ಹಟ್ಟಿ ಮುಂದೆ ಐದು ಭಾನುವಾರ ಮಾಡಿದ ಕೆಲಸಕ್ಕಿಂತ ಹೆಚ್ಚು ಹೇಳುತ್ತದೆ.

ಹೊಗೆಗೆ ಹೆದರಬೇಡ, ಟೂ ಸ್ಟ್ರೋಕ್ ಹೊಗೆ ಬಿಡದೆ ಇರಲ್ಲ. ಆದರೆ ಬಿಸಿಯಾದ ಮೇಲೂ ಊರೆಲ್ಲ ಮುಚ್ಚುವಷ್ಟು ಹೊಗೆ ಬರುತ್ತಿದ್ದು, ಗೇರ್ ಆಯಿಲ್ ಮಟ್ಟ ಇಳಿಯುತ್ತಿದ್ದು, ಹೊರಗೆಲ್ಲೂ ಸೋರುವುದು ಕಾಣದಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಇಂಜಿನ್ ಆ ಆಯಿಲನ್ನು ಎಳೆದು ಸುಡುತ್ತಿದೆ. ಇನ್ನೊಂದು ಪಕ್ಕದ ಸೀಲ್ ಹೋದರೆ ಹೊಗೆ ಬರಲ್ಲ, ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುವುದು ಇಳಿಯಲ್ಲ, ಪ್ಲಗ್ ಬಿಳುಚುತ್ತದೆ. ಇದೇ ಲಕ್ಷಣ ಕಾರ್ಬುರೇಟರ್ ಫ್ಲೇಂಜ್ ಗಾಳಿ ಎಳೆದಾಗಲೂ ಬರುತ್ತದೆ. ಅದಕ್ಕೇ ಇಂಜಿನ್ ಬಿಚ್ಚುವ ಮುಂಚೆ, ಗಾಡಿ ಓಡುತ್ತಿರುವಾಗ ಫ್ಲೇಂಜಿನ ಸುತ್ತ ಸೋಪಿನ ನೀರು ಹನಿಸು. ಸದ್ದು ಬದಲಾದರೆ ಕಳ್ಳ ಅಲ್ಲೇ ಇದ್ದಾನೆ, ಸೀಲಿನ ತಂಟೆಗೆ ಹೋಗಬೇಕಿಲ್ಲ.

ಗಾಡಿ ಶುರುವಾಗುತ್ತೆ, ನಿಧಾನಕ್ಕೆ ಚೆನ್ನಾಗಿ ಓಡುತ್ತೆ, ವೇಗ ಮಾತ್ರ ಏರಲ್ಲ ಅಂದರೆ ಸೈಲೆನ್ಸರ್ ನೆನಪು ಮಾಡಿಕೊ. ಟೂ ಸ್ಟ್ರೋಕ್ ಆಯಿಲಿನ ಕರಿ ಒಳಗೆ ಕಟ್ಟಿಕೊಂಡು ಹೊಗೆ ಹೊರಡಲು ದಾರಿ ಇರಲ್ಲ. ಒಳಗಿನ ಕೊಳವೆಗಳನ್ನು ಎಳೆದು ಕೆರೆದು ಶುಚಿ ಮಾಡು. ಕಾಸ್ಟಿಕ್ ಸೋಡದಲ್ಲಿ ನೆನೆಸುವುದಿದ್ದರೆ ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಅಲ್ಯುಮಿನಿಯಂ ಪಾತ್ರೆಯನ್ನಂತೂ ಮುಟ್ಟಬೇಡ, ಸೋಡ ಅದನ್ನು ತಿಂದು ಉರಿಯುವ ಗ್ಯಾಸ್ ಬಿಡುತ್ತದೆ. ಕೊಳವೆ ಕಿತ್ತುಹಾಕಿ ಸದ್ದು ಮಾಡಿಕೊಂಡು ಓಡಿಸುವ ಚಪಲ ಬೇಡ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರೂ ಇಂಜಿನ್ನಿನ ಲೆಕ್ಕದಲ್ಲೇ ಸೇರಿದ್ದು. ಅದನ್ನು ಬದಲಿಸಿದರೆ ಪಿಕಪ್ಪೂ ಬದಲಾಗುತ್ತದೆ, ಪೊಲೀಸಿನವರ ದಂಡ ಬೇರೆ.

ಕ್ಲಚ್ಚಿನ ವಿಷಯದಲ್ಲಿ ಈ ಗಾಡಿಯ ರೀತಿಯೇ ಬೇರೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಗೇರ್ ಲಿವರ್ ತುಳಿದಾಗ ಒಳಗೇ ಕ್ಲಚ್ ಬಿಡಿಸಿಕೊಳ್ಳುವ ಏರ್ಪಾಟೂ ಇದೆ. ಆದ್ದರಿಂದ ಕ್ಲಚ್ ಹಿಡಿಯುವುದು, ಜಾರುವುದು ಕೇಬಲ್ಲಿಂದ ಮಾತ್ರ ಅಂದುಕೊಳ್ಳಬೇಡ, ಒಳಗಿನ ಅಡ್ಜಸ್ಟ್ ಸ್ಕ್ರೂ ಮೊದಲು ನೋಡು. ಕ್ಲಚ್ ಪ್ಲೇಟುಗಳು ಗೇರ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ನುಣುಪು ಆಯಿಲ್ ಸುರಿದರೆ ಹೊಸ ಪ್ಲೇಟೂ ಜಾರುತ್ತದೆ.

ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಬಂಕಿನ ಹುಡುಗನ ಕೈಗೆ ಬಿಡಬೇಡ. ಲೀಟರಿಗೆ 30ರಿಂದ 40 ಮಿ.ಲೀ. ಟೂಟಿ ಆಯಿಲ್. ಒಂದು ಅಳತೆ ಹಿಡಿದರೆ ಅದನ್ನೇ ಪಾಲಿಸು. ಕಮ್ಮಿಯಾದರೆ ಸೀಜ್ ಅಂತ ಎಲ್ಲರಿಗೂ ಗೊತ್ತು. ಹೆಚ್ಚಾದರೆ ಒಳ್ಳೇದಲ್ಲವಾ ಅಂತೀಯ. ಅಲ್ಲ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಬರುವ ಪೆಟ್ರೋಲ್ ಕಮ್ಮಿ, ಜೊತೆಗೆ ಕರಿ ಕಟ್ಟುವುದು ಹೆಚ್ಚು. ಇನ್ನು ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದ ಕಾಲದಿಂದ ಕಬ್ಬು ನಂಬಿ ಬದುಕಿದ ಮಂಡ್ಯದವರು ನಾವು, ಎಥನಾಲನ್ನು ಬೈಯುವುದು ನಮಗೆ ತರವಲ್ಲ. ಆದರೆ ಈ ಗಾಡಿ ಮಾಡಿದವರಿಗೆ ಅದರ ಲೆಕ್ಕ ಇರಲಿಲ್ಲ. ಎಥನಾಲ್ ನೀರಿನ ಪಸೆ ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಷರ್‌ಗಳನ್ನು ಈಗಿನ ಪೆಟ್ರೋಲಿಗೆ ತಾಳುವಂಥವಕ್ಕೆ ಬದಲಿಸು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡು.

ನೀನೇ ಮಾಡಬೇಕು ಅನ್ನುವ ಹಟ ಎಲ್ಲದರಲ್ಲೂ ಬೇಡ. ಬೋರ್ ಮಾಡಿಸುವುದು, ಕ್ರ್ಯಾಂಕ್ ಒತ್ತಿಸಿ ಕನೆಕ್ಟಿಂಗ್ ರಾಡ್ ಕೂರಿಸುವುದು, ಹೋದ ತ್ರೆಡ್ಡಿಗೆ ಬುಷ್ ಹಾಕಿಸುವುದು ಲೇತ್ ಅಂಗಡಿಯ ಕೆಲಸ. ಪಿಸ್ಟನ್ ತಂದುಕೊಟ್ಟು, ಅದರ ಅಳತೆಗೆ ಬೋರ್ ಮಾಡು ಅನ್ನು. ಬೋರ್ ಮೊದಲು ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಬೇಡ. ಹೊಸ ಬೋರಿನ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ಸಾವಧಾನವಾಗಿ ಓಡಿಸು.

ಸ್ಪೇರ್ ಪಾರ್ಟಿಗೆ ಮೈಸೂರಿನ ಹಳೇ ಅಂಗಡಿಗಳು, ಬೆಂಗಳೂರಿನ ಜೆ.ಸಿ. ರಸ್ತೆ, ಗುಜರಿ, ಎಲ್ಲ ಕಡೆ ವಿಚಾರಿಸು. ಕಾರ್ಖಾನೆ ಮುಚ್ಚಿದ ಮೇಲೆ ಬಂದದ್ದರಲ್ಲಿ ಡೂಪ್ಲಿಕೇಟೇ ಹೆಚ್ಚು. ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗು, ಹೊಸದರ ಪಕ್ಕ ಇಟ್ಟು ಅಳತೆ, ತೂಕ, ತೂತಿನ ಜಾಗ ಎಲ್ಲ ನೋಡಿ ತಗೊ. ಬದಲಿಸಿದ ಮೇಲೂ ಹಳೇದನ್ನು ಎಸೀಬೇಡ. ಕಂಪನಿ ಕಾಲದ ಸವೆದ ಪಾರ್ಟನ್ನು ಸರಿಮಾಡಿಸಿದರೆ ಹೊಸ ಡೂಪ್ಲಿಕೇಟಿಗಿಂತ ಹೆಚ್ಚು ಬಾಳುವುದುಂಟು.

ಇಂಜಿನ್ ಸದ್ದು ಕೇಳುವ ಆತುರದಲ್ಲಿ ಬ್ರೇಕ್ ಮರೀಬೇಡ. ಮುಂದೆ ಹಿಂದೆ ಎರಡೂ ಡ್ರಮ್ಮು. ಲೈನಿಂಗ್ ಧೂಳನ್ನು ಬಾಯಲ್ಲಿ ಊದಬೇಡ, ಹಳೆಯವುಗಳಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಮಿಕ್ಕೆರಡು ವರ್ಷ. ಬಟನ್ ಎಷ್ಟೇ ಉಳಿದಿದ್ದರೂ ವಯಸ್ಸಾದ ಟೈರ್ ನಂಬಬೇಡ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದು ಆಗಿದೆಯಾ, ಇನ್ಶೂರೆನ್ಸ್ ಇದೆಯಾ, ಇಂಜಿನ್ ನಂಬರು, ಚಾಸಿ ನಂಬರು ಆರ್‌ಸಿ ಪುಸ್ತಕಕ್ಕೆ ಸರಿಹೊಂದುತ್ತವಾ, ಎಲ್ಲ ನೋಡು. ನಂಬರ್ ಹೊಂದದಿದ್ದರೆ ಒಂದು ರೂಪಾಯಿಯನ್ನೂ ಇಂಜಿನ್ನಿಗೆ ಹಾಕಬೇಡ.

ಮೊದಲ ಓಟಕ್ಕೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆಸೆ ಬೇಡ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ರಸ್ತೆಗೆ ಬೈಕಿಗೆ ಪ್ರವೇಶವೇ ಇಲ್ಲ, ನಮಗೆ ಸರ್ವಿಸ್ ರಸ್ತೆ. ನಾಲೆ ಏರಿಯ ಮೇಲೆ, ಊರ ಸುತ್ತ, ನಿಂತರೆ ತಳ್ಳಿಕೊಂಡು ಬರುವಷ್ಟು ದೂರದಲ್ಲೇ ಓಡಿಸು. ಬಂದ ಮೇಲೆ ಪ್ಲಗ್ ತೆಗೆದು ನೋಡು, ನಟ್ಟುಗಳನ್ನು ಇನ್ನೊಂದು ಸಲ ಮುಟ್ಟಿ ನೋಡು, ನೋಟ್‌ಬುಕ್ಕಿನಲ್ಲಿ ಬರಿ. ಅದಾದ ಮೇಲೆ ಮಂಡ್ಯ, ಅದಾದ ಮೇಲೆ ಮೈಸೂರು.

ಈ ಭಾನುವಾರ ನಿನಗಿರುವ ಕೆಲಸ ಇಷ್ಟೇ. ಏನನ್ನೂ ಕೊಳ್ಳಬೇಡ, ಏನನ್ನೂ ಬದಲಿಸಬೇಡ. ಪ್ಲಗ್ಗಿನ ನಂಬರ್, ಜೆಟ್ಟಿನ ನಂಬರ್, ಪಾಯಿಂಟಿನ ಗ್ಯಾಪ್, ಬ್ಯಾಟರಿಯ ವೋಲ್ಟೇಜ್, ಗೇರ್ ಆಯಿಲಿನ ಮಟ್ಟ ನೋಡಿ ಎಡಗಡೆ ಕಾಲಂ ತುಂಬಿಸು. ಸಾಯಂಕಾಲ ಅದನ್ನು ತಗೊಂಡು ಬಾ, ಬಲಗಡೆ ಕಾಲಂ ಇಬ್ಬರೂ ಕೂತು ಬರೆಯೋಣ. ನಿಮ್ಮಪ್ಪನನ್ನೂ ಕರ್ಕೊಂಡು ಬಾ. ಸುಮ್ಮನೆ ಗೊಣಗುವ ಬದಲು ಅವನು ಫೀಲರ್ ಗೇಜ್ ಹಿಡಿಯಲಿ.

ನಿನ್ನ ದೊಡ್ಡಪ್ಪ